ಸ್ಟೆಪ್ನಿಯ ಭಾರ ಹೊರುವವರು ಯಾರು? ಆಫ್‌ರೋಡ್ ಗಾಡಿಗೆ ಹಿಂಬದಿ ಬಂಪರ್ ಆರಿಸುವ ಪಾಠ

ಕಳೆದ ಸೆಮಿಸ್ಟರ್ ರಜೆಯಲ್ಲಿ ನಮ್ಮ ಗೆಳೆಯನೊಬ್ಬ ಮನೆಯ ಥಾರ್‌ಗೆ ಹೊಸ ಹಿಂಬದಿ ಬಂಪರ್ ಹಾಕಿಸಲೇಬೇಕು ಅಂತ ಹಟ ಹಿಡಿದಿದ್ದ. ಕ್ಯಾಂಟೀನಿನಲ್ಲಿ ಫೋನ್ ತೆಗೆದು ಫೋಟೊ ತೋರಿಸಿದ. ದಪ್ಪ ಉಕ್ಕಿನ ಬಂಪರ್, ಅದರ ಒಂದು ತುದಿಯಿಂದ ಹೊರಟ ತೋಳು, ಆ ತೋಳಿನ ಮೇಲೆ 35 ಇಂಚಿನ ಸ್ಟೆಪ್ನಿ, ಪಕ್ಕದಲ್ಲೊಂದು ಡೀಸೆಲ್ ಕ್ಯಾನು. ನೋಡೋಕೆ ಚೆನ್ನಾಗೇ ಇತ್ತು. ಆಗ ನಮ್ಮಲ್ಲೊಬ್ಬ ಸುಮ್ಮನಿರಲಾರದೆ ಕೇಳಿದ: "ಅದೆಲ್ಲ ಸರಿ ಮಾರಾಯಾ, ಈ ಟೈರಿನ ಭಾರ ಕೊನೆಗೆ ಎಲ್ಲಿಗೆ ಹೋಗುತ್ತೆ?"

ಮೇಜಿನ ಸುತ್ತ ಕೂತಿದ್ದ ನಾವೆಲ್ಲ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪಾಸು ಮಾಡಿದವರೇ. ಕ್ಯಾಂಟಿಲಿವರ್ ಲೆಕ್ಕ ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿಲ್ಲ! ಆದರೂ ಈ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳೋಕೆ ಒಬ್ಬರಿಗೂ ಆಗಲಿಲ್ಲ. ಕೊನೆಗೆ ಬಿಲ್ಲಿನ ಹಿಂಬದಿಯಲ್ಲೇ ಲೆಕ್ಕ ಶುರುವಾಯ್ತು. ಈ ಬರಹ ಅದೇ ಲೆಕ್ಕದ ಶುದ್ಧಪ್ರತಿ. ಬಂಪರ್ ಕೊಳ್ಳುವವರಿಗೆ ಇದು ಉಪಯೋಗಕ್ಕೆ ಬರುತ್ತೆ. ಕೊಳ್ಳದವರಿಗೆ, ಪುಸ್ತಕದ ಸೂತ್ರ ರಸ್ತೆಯಲ್ಲಿ ಎಲ್ಲಿರುತ್ತೆ ಅಂತ ಗೊತ್ತಾಗುತ್ತೆ.

ಈ ಬಂಪರ್ ಹುಟ್ಟಿದ್ದು ಯಾಕೆ?

ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲೂ ಸ್ಟೆಪ್ನಿ ಹಿಂದೆಯೇ ಇತ್ತು. ಆದರೆ ಆ ಟೈರು ಸಣ್ಣದು, 6.00-16 ಅಳತೆಯದು. ಬಾಡಿಯ ಹಿಂಬದಿಯ ತಗಡಿಗೇ ಅದನ್ನು ಬಿಗಿದಿದ್ದರು. ಆಮೇಲೆ ಬಂದ ಜೀಪ್ ರ‍್ಯಾಂಗ್ಲರ್, ನಮ್ಮ ಥಾರ್ ಮುಂತಾದ ಗಾಡಿಗಳಲ್ಲಿ ಸ್ಟೆಪ್ನಿ ಹಿಂಬಾಗಿಲಿಗೆ ಬಂತು. ಬಾಗಿಲು, ಅದರ ಹಿಂಜು, ಲಾಕು ಎಲ್ಲವನ್ನೂ ಕಂಪನಿಯವರು ತಾವೇ ಕೊಡುವ ಟೈರಿನ ತೂಕಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ.

ತೊಂದರೆ ಶುರುವಾಗೋದು ನಾವು ಟೈರು ಬದಲಾಯಿಸಿದಾಗ. 2020ರ ಥಾರ್‌ನಲ್ಲಿ 16 ಇಂಚಿನ ರಿಮ್ಮಿಗೆ ಬರುವ ಟೈರು 245/75. ಅದರ ವ್ಯಾಸ ಲೆಕ್ಕ ಹಾಕಿದರೆ ಸುಮಾರು 774 ಮಿ.ಮೀ., ಅಂದರೆ ಮೂವತ್ತೂವರೆ ಇಂಚು. ಅದರ ಜಾಗಕ್ಕೆ 35 ಇಂಚಿನ ಟೈರು ತಂದರೆ ವ್ಯಾಸ 889 ಮಿ.ಮೀ. ಆಗುತ್ತೆ. ತೂಕವೂ ಹೆಚ್ಚುತ್ತೆ, ತೂಕದ ಕೇಂದ್ರವೂ ಬಾಗಿಲಿನಿಂದ ಇನ್ನಷ್ಟು ಹಿಂದಕ್ಕೆ ಸರಿಯುತ್ತೆ. ಕಲ್ಲುದಾರಿಯಲ್ಲಿ ದಿನವೂ ಅಲ್ಲಾಡಿ ಅಲ್ಲಾಡಿ ಹಿಂಜು ಸಡಿಲವಾಗುತ್ತೆ, ಬಾಗಿಲು ಜೋತುಬೀಳುತ್ತೆ, ಲಾಕು ಸರಿಯಾಗಿ ಕೂರೋದಿಲ್ಲ. ಮೊದಲು ಕೇಳೋದು ಲಟಲಟ ಸದ್ದು, ಆಮೇಲೆ ಕಾಣೋದು ತಗಡಿನ ಬಿರುಕು.

ಅಮೆರಿಕದಲ್ಲಿ ರ‍್ಯಾಂಗ್ಲರ್ ಇಟ್ಟುಕೊಂಡು ಬಂಡೆ ಹತ್ತಿಸುವವರು ಇದಕ್ಕೆ ಮಾಡಿಕೊಂಡ ಉಪಾಯವೇ ಟೈರ್ ಕ್ಯಾರಿಯರ್ ಇರುವ ಬಂಪರ್. ಟೈರನ್ನು ಬಾಗಿಲಿನಿಂದ ಬಿಡಿಸಿ, ಬಂಪರಿನಲ್ಲಿ ನೆಟ್ಟ ಒಂದು ಸ್ಪಿಂಡಲ್ಲಿನ ಸುತ್ತ ತಿರುಗುವ ತೋಳಿಗೆ ಹಾಕುತ್ತಾರೆ. ಭಾರ ತೋಳಿನಿಂದ ಸ್ಪಿಂಡಲ್ಲಿಗೆ, ಅಲ್ಲಿಂದ ಬಂಪರಿಗೆ, ಬಂಪರಿನಿಂದ ಬೋಲ್ಟುಗಳ ಮೂಲಕ ಚಾಸಿಗೆ ಹೋಗುತ್ತೆ. ಬಂಪರ್ ಆರಿಸೋದು ಅಂದರೆ ಈ ದಾರಿಯನ್ನು ಒಂದೊಂದೇ ಹೆಜ್ಜೆ ನಡೆದು ನೋಡೋದು. ಎಲ್ಲಿ ದಾರಿ ಕಿರಿದಾಗಿದೆಯೋ ಅಲ್ಲೇ ಅದು ಮುರಿಯುತ್ತೆ.

ಮೊದಲ ಹೆಜ್ಜೆ: ಸ್ಪಿಂಡಲ್

ಒಂದು ಉದಾಹರಣೆ ಹಿಡಿಯೋಣ. ರಿಮ್ಮು ಸೇರಿ ಟೈರಿನ ತೂಕ 45 ಕೆ.ಜಿ., ತೋಳಿನ ತೂಕ 20 ಕೆ.ಜಿ. ಸ್ಪಿಂಡಲ್ಲಿನಿಂದ ಟೈರಿನ ಕೇಂದ್ರಕ್ಕೆ 0.7 ಮೀಟರ್, ತೋಳಿನ ತೂಕದ ಕೇಂದ್ರಕ್ಕೆ 0.5 ಮೀಟರ್. ಇವು ಲೆಕ್ಕಕ್ಕೆ ಇಟ್ಟುಕೊಂಡ ಅಂಕಿಗಳು. ನಿಮ್ಮ ಗಾಡಿಯದ್ದನ್ನು ನೀವೇ ಅಳೆದು ಹಾಕಿಕೊಳ್ಳಿ.

ತೋಳು ತೆರೆದಾಗ ಅದು ಶುದ್ಧ ಕ್ಯಾಂಟಿಲಿವರ್. ಟೈರಿನಿಂದ ಬರುವ ಮೊಮೆಂಟ್ 45×9.81×0.7 = 309 ನ್ಯೂಟನ್ ಮೀಟರ್. ತೋಳಿನಿಂದ 98. ಒಟ್ಟು 407. ಇದನ್ನು ತಡೆಯಬೇಕಾದ್ದು ಸ್ಪಿಂಡಲ್ಲಿನ ಮೇಲಿನ ಮತ್ತು ಕೆಳಗಿನ ಬೇರಿಂಗು. ಅವೆರಡರ ನಡುವೆ 100 ಮಿ.ಮೀ. ಅಂತರ ಇದ್ದರೆ ಒಂದೊಂದರ ಮೇಲೂ 4,070 ನ್ಯೂಟನ್ ಬೀಳುತ್ತೆ, ಅಂದರೆ ಸುಮಾರು 415 ಕೆ.ಜಿ. ತೂಕದಷ್ಟು. ನೇತುಹಾಕಿದ್ದು 65 ಕೆ.ಜಿ., ಬೇರಿಂಗು ಹೊತ್ತಿದ್ದು ಅದರ ಆರು ಪಟ್ಟಿಗೂ ಹೆಚ್ಚು! ಅಂತರವನ್ನು 200 ಮಿ.ಮೀ. ಮಾಡಿದರೆ ಈ ಬಲ ಅರ್ಧಕ್ಕೆ ಇಳಿಯುತ್ತೆ.

ಹಾಗಾಗಿ ಅಂಗಡಿಯಲ್ಲಿ ಸ್ಪಿಂಡಲ್ ಎಷ್ಟು ದಪ್ಪ ಅಂತಷ್ಟೇ ಕೇಳಿದರೆ ಸಾಲದು, ಎಷ್ಟು ಉದ್ದ ಅಂತಲೂ ಕೇಳಬೇಕು. ಗಿಡ್ಡ ಸ್ಪಿಂಡಲ್ಲಿಗೆ ಬರೀ ಬುಷ್ ಹಾಕಿದ್ದರೆ ಅದು ಬೇಗ ಸವೆಯುತ್ತೆ, ತೋಳು ಕೆಳಗೆ ಜೋಲುತ್ತೆ. ಟ್ರೇಲರಿನ ಚಕ್ರಕ್ಕೆ ಹಾಕುವಂಥ ಟೇಪರ್ ರೋಲರ್ ಬೇರಿಂಗು, ನೀರು ನುಗ್ಗದ ಸೀಲು, ಗ್ರೀಸ್ ನಿಪ್ಪಲ್ ಇದ್ದರೆ ಒಳ್ಳೇದು. ಹೊಳೆ ದಾಟುವ ಗಾಡಿಯಲ್ಲಿ ಗ್ರೀಸು ಹೊಡೆಯೋಕೆ ಜಾಗವೇ ಇಲ್ಲದ ಬೇರಿಂಗಿನ ಆಯಸ್ಸು ಕಡಿಮೆ.

ಎರಡನೇ ಹೆಜ್ಜೆ: ಲಾಚ್ ಬಾಗಿಲು ಮುಚ್ಚೋಕೆ ಮಾತ್ರ ಅಲ್ಲ

ತೋಳು ತೆರೆಯೋದು ಗಾಡಿ ನಿಂತಾಗ. ನಿಜವಾದ ಹೊಡೆತ ಬೀಳೋದು ಓಡುವಾಗ, ತೋಳು ಮುಚ್ಚಿದ್ದಾಗ. ಗುಂಡಿಗೆ ಚಕ್ರ ಬಿದ್ದು ಎದ್ದಾಗ ಸ್ಟೆಪ್ನಿ ತನ್ನ ತೂಕದ ಹಲವು ಪಟ್ಟು ಬಲದಲ್ಲಿ ಕೆಳಕ್ಕೆ ಜಗ್ಗುತ್ತೆ. ಲೆಕ್ಕಕ್ಕೆ ಮೂರು ಪಟ್ಟು ಅಂತ ಇಟ್ಟುಕೊಳ್ಳೋಣ.

ತೋಳಿನ ತುದಿ ಒಂದು ಗಟ್ಟಿ ಆಸರೆಯ ಮೇಲೆ ಕೂರುತ್ತೆ ಅಂದುಕೊಳ್ಳಿ. ಸ್ಪಿಂಡಲ್ಲಿನಿಂದ ಆ ಆಸರೆಗೆ 1.2 ಮೀಟರ್. ಆಗ ತೋಳು ಕ್ಯಾಂಟಿಲಿವರ್ ಆಗಿ ಉಳಿಯೋದಿಲ್ಲ, ಎರಡೂ ಕಡೆ ಆಸರೆ ಇರುವ ತೊಲೆಯಾಗುತ್ತೆ. ಆಸರೆಯ ಪಾಲು (45×0.7 + 20×0.5) ÷ 1.2, ಅಂದರೆ ಸುಮಾರು 35 ಕೆ.ಜಿ. ಮೂರು ಪಟ್ಟು ಹೊಡೆತದಲ್ಲೂ 104 ಕೆ.ಜಿ. ದಾಟಲ್ಲ. ಸ್ಪಿಂಡಲ್ಲಿಗೆ ಉಳಿಯೋದು ಬಹುಪಾಲು ನೇರ ಭಾರ ಮಾತ್ರ, ಮೊಮೆಂಟ್ ತೀರಾ ಕಡಿಮೆ.

ಈಗ ಆಸರೆ ಇಲ್ಲ, ಲಾಚ್ ತೋಳನ್ನು ಹಿಂದೆ ಮುಂದೆ ಹೋಗದಂತೆ ಹಿಡಿಯುತ್ತೆ ಅಷ್ಟೇ ಅಂದುಕೊಳ್ಳಿ. ಆಗ ಹೊಡೆತವೆಲ್ಲ ಸ್ಪಿಂಡಲ್ಲಿಗೇ. 407ರ ಮೂರು ಪಟ್ಟು 1,221 ನ್ಯೂಟನ್ ಮೀಟರ್. 100 ಮಿ.ಮೀ. ಅಂತರದ ಬೇರಿಂಗಿನ ಮೇಲೆ ಒಂದೂಕಾಲು ಟನ್ ತೂಕದಷ್ಟು ಬಲ, ಅದೂ ಪ್ರತಿ ಗುಂಡಿಗೆ ಒಂದು ಸಲ.

ಹೊರಗಿನಿಂದ ನೋಡಿದರೆ ಈ ಎರಡು ಬಂಪರುಗಳಿಗೆ ಹೆಚ್ಚೇನೂ ವ್ಯತ್ಯಾಸ ಕಾಣಲ್ಲ. ವ್ಯತ್ಯಾಸ ಇರೋದು ತೋಳಿನ ತುದಿಯ ಕೆಳಗಿನ ಅಂಗೈಯಗಲದ ಇಳಿಜಾರು ಪ್ಲೇಟಿನಲ್ಲಿ. ತೋಳು ಮುಚ್ಚುವಾಗ ಅದರ ಮೇಲೆ ಸ್ವಲ್ಪ ಹತ್ತಿ ಕೂರಬೇಕು. ಕೂತಮೇಲೆ ರಬ್ಬರ್ ಒತ್ತಿಕೊಂಡು, ಲಾಚ್ ಬಿಗಿಯಾಗಿ ಎಳೆದು ಹಿಡಿಯಬೇಕು. ಲಾಚ್ ಅಕಸ್ಮಾತ್ ಕಳಚಿದರೂ ತೋಳು ತೆರೆಯದಂತೆ ಇನ್ನೊಂದು ಪಿನ್ನು ಇರಲೇಬೇಕು. ಓಡುವ ಗಾಡಿಯಿಂದ 65 ಕೆ.ಜಿ. ತೋಳು ಪಕ್ಕಕ್ಕೆ ಬೀಸಿದರೆ ಪೆಟ್ಟು ತಿನ್ನೋದು ನಾವಲ್ಲ, ಪಕ್ಕದಲ್ಲಿ ಬರುತ್ತಿರುವ ಬೈಕಿನವರು.

ತೆರೆದಾಗಲೂ ಒಂದು ಪಿನ್ನು ಬೇಕು. ಇಳಿಜಾರಿನಲ್ಲಿ ನಿಲ್ಲಿಸಿ ಸಾಮಾನು ಇಳಿಸುವಾಗ ತೋಳು ತಾನಾಗಿ ಮುಚ್ಚಿಕೊಂಡರೆ ನಡುವೆ ಸಿಕ್ಕಿದ ಕೈಬೆರಳಿನ ಗತಿ ಏನು?

ಮೂರನೇ ಹೆಜ್ಜೆ: ತಿರುಚುವ ಬಲ

ಟೈರು ತೋಳಿನ ನೇರಕ್ಕೆ ಇರಲ್ಲ, ಅದರ ಹಿಂದೆ ಇರುತ್ತೆ. ಈ ದೂರ 0.2 ಮೀಟರ್ ಅಂತ ಹಿಡಿದರೆ ತೋಳನ್ನು ತಿರುಚುವ ಬಲ 88 ನ್ಯೂಟನ್ ಮೀಟರ್. ಮೂರು ಪಟ್ಟು ಹೊಡೆತದಲ್ಲಿ 265.

ಇಲ್ಲಿ ಒಂದು ಹೋಲಿಕೆ ಮಾಡೋಣ. 50×50 ಮಿ.ಮೀ. ಅಳತೆಯ, 4 ಮಿ.ಮೀ. ದಪ್ಪದ ಚೌಕ ಕೊಳವೆಯಲ್ಲಿ 265 ನ್ಯೂಟನ್ ಮೀಟರ್‌ಗೆ ಹುಟ್ಟುವ ಶಿಯರ್ ಒತ್ತಡ ಸುಮಾರು 16 ಮೆಗಾಪ್ಯಾಸ್ಕಲ್. ಅದೇ ಕೊಳವೆಯನ್ನು ಉದ್ದಕ್ಕೂ ಒಂದು ಕಡೆ ಸೀಳಿದರೆ? ಉಕ್ಕು ಅಷ್ಟೇ, ತೂಕ ಅಷ್ಟೇ. ಒತ್ತಡ ಮಾತ್ರ ಸುಮಾರು 270 ಮೆಗಾಪ್ಯಾಸ್ಕಲ್! ತಿರುಚು ತಡೆಯುವ ಬಿಗುವು ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಸಾಮಾನ್ಯ ಐಎಸ್ 2062 ಇ250 ಉಕ್ಕು ಎಳೆತದಲ್ಲೇ 250ಕ್ಕೆ ಸೋಲುತ್ತೆ, ಶಿಯರಿನಲ್ಲಿ ಅದಕ್ಕಿಂತ ತುಂಬಾ ಮೊದಲೇ.

ಸೀಳಿದ ಕೊಳವೆ ಯಾರು ಹಾಕ್ತಾರೆ ಅಂತ ನಗಬೇಡಿ. ಸಿ ಚಾನೆಲ್, ಎಲ್ ಆ್ಯಂಗಲ್ ಎರಡೂ ತೆರೆದ ಆಕಾರಗಳೇ. ತಿರುಚಿನ ಲೆಕ್ಕದಲ್ಲಿ ಅವು ಸೀಳಿದ ಕೊಳವೆಯ ಜಾತಿಯವು. ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಗೇಟು ಮಾಡಿ ಉಳಿದ ಚಾನೆಲ್ಲಿನಿಂದ "ಗಟ್ಟಿಯಾಗಿ ಮಾಡಿಕೊಡ್ತೀವಿ" ಅಂದರೆ ಅವರ ಮಾತಲ್ಲಿ ಸುಳ್ಳೇನಿಲ್ಲ. ಗೇಟಿಗೆ ಅದು ಗಟ್ಟಿಯೇ. ತೋಳಿಗೆ ಮಾತ್ರ ಮುಚ್ಚಿದ ಕೊಳವೆಯೇ ಬೇಕು.

ನಾಲ್ಕನೇ ಹೆಜ್ಜೆ: ಬೆಸುಗೆ ಮತ್ತು ಬೋಲ್ಟು

ಅದೇ ಕೊಳವೆ 1,221 ನ್ಯೂಟನ್ ಮೀಟರ್ ಮೊಮೆಂಟಿಗೆ ಬಾಗುವಾಗ ಹುಟ್ಟುವ ಒತ್ತಡ ಸುಮಾರು 117 ಮೆಗಾಪ್ಯಾಸ್ಕಲ್. 250ಕ್ಕೆ ಅರ್ಧವೂ ಇಲ್ಲ. ಹಾಗಾದರೆ ನಿಶ್ಚಿಂತೆಯೇ? ಇಲ್ಲ. ಈ ಹೊಡೆತ ಸಾವಿರಾರು ಸಲ ಬರುತ್ತೆ. ಲೋಹದ ದಣಿವು ಮೊದಲು ಕಾಣಿಸಿಕೊಳ್ಳೋದು ಬೆಸುಗೆಯ ಅಂಚಿನಲ್ಲಿ, ಸ್ಪಿಂಡಲ್ಲಿನ ತೋಳು ಕೊಳವೆಗೆ ಸೇರುವ ಕಡೆ. ಹಾಗಾಗಿ ಅಲ್ಲಿ ತ್ರಿಕೋನದ ಗಸೆಟ್ ಪ್ಲೇಟ್ ಇದೆಯಾ, ಬೆಸುಗೆ ಸುತ್ತಲೂ ಒಂದೇ ಸಮ ಇದೆಯಾ, ಅಂಚಿನಲ್ಲಿ ಕೊರೆದ ಗೆರೆ ಬಿದ್ದಿದೆಯಾ ಅಂತ ನೋಡಬೇಕು. ಪೇಂಟು ಹೊಡೆಯೋ ಮೊದಲೇ ನೋಡೋಕೆ ಸಿಕ್ಕರೆ ಇನ್ನೂ ಒಳ್ಳೇದು, ಯಾಕಂದರೆ ಪೇಂಟು ಅರ್ಧ ತಪ್ಪು ಮುಚ್ಚುತ್ತೆ.

ಬೋಲ್ಟಿನ ತಲೆಯ ಮೇಲಿನ ಅಂಕಿಯನ್ನು ಓದೋದು ನಾವೆಲ್ಲ ಕಲಿತಿದ್ದೇವೆ, ಬಳಸೋದು ಕಡಿಮೆ. 8.8 ಅಂದರೆ ಎಳೆತದ ಶಕ್ತಿ 800 ಮೆಗಾಪ್ಯಾಸ್ಕಲ್, ಸೋಲುವ ಮಟ್ಟ ಅದರ ಶೇ. 80, ಅಂದರೆ 640. ಎಂ12 ಬೋಲ್ಟಿನ ಒತ್ತಡ ಹೊರುವ ವಿಸ್ತೀರ್ಣ 84.3 ಚದರ ಮಿ.ಮೀ. ಗುಣಿಸಿದರೆ ಒಂದು ಬೋಲ್ಟು ಹರಿಯೋಕೆ ಸುಮಾರು 67 ಕಿಲೋನ್ಯೂಟನ್ ಬೇಕು. ತಲೆಯ ಮೇಲೆ ಅಂಕಿಯೇ ಇಲ್ಲದ ಬೋಲ್ಟು ಹಾಕಿದ್ದರೆ ಈ ಲೆಕ್ಕ ಮಾಡೋಕೇ ಬರಲ್ಲ. ಇನ್ನೊಂದು ಮಾತು: ಬಂಪರ್ ಕೂರಬೇಕಾದ್ದು ಕಂಪನಿ ಚಾಸಿಯಲ್ಲಿ ಕೊಟ್ಟ ತೂತುಗಳಲ್ಲಿ. ಚಾಸಿಗೆ ಹೊಸ ತೂತು ಕೊರೆಯೋಣ, ವೆಲ್ಡ್ ಮಾಡೋಣ ಅನ್ನುವವರಿಂದ ದೂರ ಇರಿ.

ಎಳೆಯುವ ಕೊಂಡಿ

ಹೂತ ಗಾಡಿಯನ್ನು ಎಳೆಯೋಕೆ ಕೆಲವೊಮ್ಮೆ ಅದರ ತೂಕದಷ್ಟೇ ಬಲ ಬೇಕಾಗುತ್ತೆ. ಹಗ್ಗ ಸಡಿಲ ಬಿಟ್ಟು ಓಡಿ ಬಂದು ಜಗ್ಗಿದರಂತೂ ಕೇಳೋದೇ ಬೇಡ. 1,800 ಕೆ.ಜಿ. ಗಾಡಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಬಂದರೆ ಅದರ ಚಲನಶಕ್ತಿ ಸುಮಾರು 7,000 ಜೂಲ್. ಹಿಗ್ಗದ ಹಗ್ಗ ಅದನ್ನು 0.2 ಮೀಟರಿನಲ್ಲಿ ನಿಲ್ಲಿಸಿದರೆ ಸರಾಸರಿ ಬಲ ಮೂರೂವರೆ ಟನ್. ಹಿಗ್ಗುವ ಹಗ್ಗ 1.5 ಮೀಟರಿನಲ್ಲಿ ನಿಲ್ಲಿಸಿದರೆ ಅರ್ಧ ಟನ್ನಿಗಿಂತ ಕಡಿಮೆ.

ಮುಕ್ಕಾಲು ಇಂಚಿನ ಬೋ ಶ್ಯಾಕಲ್ 4.75 ಟನ್ ಕೆಲಸದ ಭಾರಕ್ಕೆ ಮಾಡಿದ್ದು. ಆದರೆ ಶ್ಯಾಕಲ್ ಹಾಕುವ ಕಿವಿಯನ್ನು ಬಂಪರಿನ ತಗಡಿನ ಮೇಲೆ ಬರೀ ಅಂಟಿಸಿದಂತೆ ಬೆಸೆದಿದ್ದರೆ ಶ್ಯಾಕಲ್ಲಿನ ಬಲ ಏನು ಪ್ರಯೋಜನ? ಆ ಪ್ಲೇಟು ಬಂಪರನ್ನು ತೂರಿ ಒಳಗೆ ಹೋಗಿ, ಎರಡೂ ಬದಿ ಬೆಸುಗೆಯಾಗಿ, ಚಾಸಿಯ ಬೋಲ್ಟಿನ ನೇರಕ್ಕೆ ಬಂದಿರಬೇಕು. ಟ್ರೇಲರ್ ಎಳೆಯುವ ಗುಂಡಿಗೆ, ಅಂದರೆ ಟೋ ಬಾಲ್‌ಗೆ, ಹಗ್ಗ ಸಿಕ್ಕಿಸಿ ಹೂತ ಗಾಡಿ ಎಳೆಯಲೇಬಾರದು. ಅದು ಮುರಿದರೆ ಹಗ್ಗದಲ್ಲಿ ತುಂಬಿದ ಶಕ್ತಿಯೆಲ್ಲ ಸೇರಿ ಆ ಉಕ್ಕಿನ ಉಂಡೆಯನ್ನು ಗುಂಡಿನ ಹಾಗೆ ಹಾರಿಸುತ್ತೆ. ಹೀಗೆ ಜೀವ ಹೋದ ಉದಾಹರಣೆಗಳಿವೆ.

ಗಟ್ಟಿ ಅಂದರೆ ಭಾರ, ಭಾರ ಅಂದರೆ ಬೆಲೆ

ಇಷ್ಟೆಲ್ಲ ಕೇಳಿ "ಹಾಗಾದರೆ ಇದ್ದಿದ್ರಲ್ಲೇ ದಪ್ಪ ತಗಡಿಂದು ಕೊಡಿ" ಅನ್ನಬೇಡಿ. 1 ಚದರ ಮೀಟರ್ ಉಕ್ಕಿನ ತಗಡು 5 ಮಿ.ಮೀ. ದಪ್ಪದ್ದಾದರೆ 39 ಕೆ.ಜಿ., 3 ಮಿ.ಮೀ. ಆದರೆ 23.5 ಕೆ.ಜಿ. ಬಂಪರಿನ ಹೊರಮೈ 3 ಮಿ.ಮೀ. ಇದ್ದು, ಮಡಿಕೆ ಸರಿಯಾಗಿದ್ದು, ಭಾರ ಹರಿಯುವ ಕಡೆ ಮಾತ್ರ ದಪ್ಪ ಪ್ಲೇಟ್ ಇದ್ದರೆ ಅದು ಬುದ್ಧಿವಂತ ವಿನ್ಯಾಸ.

ಯಾಕಂದರೆ ಹಿಂದಿನ ಆಕ್ಸಲ್ ಆಚೆಗಿನ ತೂಕ ಸನ್ನೆಯ ಹಾಗೆ ಕೆಲಸ ಮಾಡುತ್ತೆ. ಥಾರ್‌ನ ವೀಲ್‌ಬೇಸ್ 2.45 ಮೀಟರ್. ಆಕ್ಸಲ್ಲಿನಿಂದ 0.9 ಮೀಟರ್ ಹಿಂದೆ 70 ಕೆ.ಜಿ. ಹೆಚ್ಚಿಸಿದರೆ ಹಿಂದಿನ ಆಕ್ಸಲ್ ಮೇಲೆ ಏರೋದು 96 ಕೆ.ಜಿ., ಮುಂದಿನದರಿಂದ ಇಳಿಯೋದು 26 ಕೆ.ಜಿ. ಗಾಡಿಯ ಬಾಲ ಕುಸಿಯುತ್ತೆ, ಹೆಡ್‌ಲೈಟು ಎದುರು ಬರುವವರ ಕಣ್ಣಿಗೆ ಹೊಡೆಯುತ್ತೆ. ಕಡಿದಾದ ಏರಿನಲ್ಲಿ, ಮುಂದಿನ ಚಕ್ರದ ಹಿಡಿತ ನಮಗೆ ಬೇಕೇ ಬೇಕಾದ ಹೊತ್ತಿನಲ್ಲಿ, ಅದು ಕಡಿಮೆಯಾಗುತ್ತೆ.

ಕೋನದ ಮಾತೂ ಇದೆ. ಥಾರ್‌ನ ಡಿಪಾರ್ಚರ್ ಕೋನ 36.8 ಡಿಗ್ರಿ. ಹಳ್ಳ ಇಳಿದು ಹತ್ತುವಾಗ ಬಾಲ ನೆಲಕ್ಕೆ ತಾಗದೆ ಹೋಗಬಹುದಾದ ಕೋನ ಇದು. ಸರಳ ಮಾದರಿಯೊಂದರಲ್ಲಿ ಬಂಪರಿನ ಕೆಳ ಅಂಚು ನೆಲದಿಂದ 400 ಮಿ.ಮೀ. ಎತ್ತರ, ಚಕ್ರ ನೆಲ ಮುಟ್ಟುವ ಬಿಂದುವಿನಿಂದ 535 ಮಿ.ಮೀ. ಹಿಂದೆ ಅಂತ ಇಡಿ. ಹೊಸ ಬಂಪರ್ 50 ಮಿ.ಮೀ. ಕೆಳಗೆ, 80 ಮಿ.ಮೀ. ಹಿಂದಕ್ಕೆ ಬಂದರೆ ಕೋನ 29.6ಕ್ಕೆ ಇಳಿಯುತ್ತೆ. ಆಫ್‌ರೋಡಿಗೆ ಅಂತ ದುಡ್ಡು ಕೊಟ್ಟು ಆಫ್‌ರೋಡಿನ 7 ಡಿಗ್ರಿ ಕಳಕೊಂಡ ಹಾಗೆ! ಒಳ್ಳೆಯ ಬಂಪರ್ ಕಂಪನಿಯದ್ದಕ್ಕಿಂತ ಮೇಲಕ್ಕೇ ಕೂರುತ್ತೆ, ಎರಡು ತುದಿಗಳು ಮೇಲ್ಮುಖವಾಗಿ ಕತ್ತರಿಸಿದ ಹಾಗಿರುತ್ತವೆ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು. ಮುಚ್ಚಿದ ಪೆಟ್ಟಿಗೆಯಂಥ ಬಂಪರಿನ ಅಡಿಯಲ್ಲಿ ನೀರು ಇಳಿಯೋಕೆ ತೂತು ಇರಬೇಕು. ಇಲ್ಲದಿದ್ದರೆ ಒಂದೆರಡು ಮಳೆಗಾಲದಲ್ಲಿ ಅದು ಒಳಗಿನಿಂದಲೇ ತುಕ್ಕು ಹಿಡಿಯುತ್ತೆ, ಹೊರಗೆ ಪೌಡರ್ ಕೋಟಿಂಗ್ ಮಿರಮಿರ ಮಿಂಚುತ್ತಲೇ ಇರುತ್ತೆ.

ಕಾನೂನು ಏನನ್ನುತ್ತೆ?

ಈ ಭಾಗ ಹಲವರಿಗೆ ರುಚಿಸಲ್ಲ, ಆದರೂ ಓದಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿ ಇರುವ ವಿವರ ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ಹೇಳುತ್ತೆ. ಮುಂಭಾಗದ ಬುಲ್ ಬಾರ್, ಕ್ರ್ಯಾಶ್ ಗಾರ್ಡ್‌ಗಳ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಪತ್ರ ಬರೆದಿತ್ತು.

ಹಾಗಾಗಿ ರಸ್ತೆಗೆ ಇಳಿಯುವ ಗಾಡಿಗೆ ಏನೇ ಹಾಕಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮೆಯವರಿಗೂ ತಿಳಿಸಿ. ನಂಬರ್ ಪ್ಲೇಟು, ಅದರ ದೀಪ, ಬ್ರೇಕ್ ಲೈಟು ಯಾವುದೂ ದೊಡ್ಡ ಟೈರಿನ ಹಿಂದೆ ಮರೆಯಾಗಬಾರದು. ರ‍್ಯಾಂಗ್ಲರ್‌ನ ಜೆಕೆ ಮಾದರಿಯಲ್ಲಿ ಮೂರನೇ ಬ್ರೇಕ್ ಲೈಟು ಸ್ಟೆಪ್ನಿಯ ಹತ್ತಿರವೇ ಇರೋದರಿಂದ ಕ್ಯಾರಿಯರ್ ಹಾಕುವಾಗ ಅದನ್ನೂ ಹೊಸ ಜಾಗಕ್ಕೆ ಸಾಗಿಸಬೇಕಾಗುತ್ತೆ. ಇದು ಬರೀ ದಂಡದ ಭಯ ಅಲ್ಲ. ಚಾಸಿಗೆ ನೇರ ಬಿಗಿದ ಉಕ್ಕಿನ ಬಂಪರ್ ಕುಸಿಯಲ್ಲ, ಹಿಂದಿನಿಂದ ಬಂದು ಗುದ್ದಿದವರೇ ಕುಸಿಯಬೇಕು.

ಅಂಗಡಿಗೆ ಹೋದಾಗ ಕೇಳಬೇಕಾದ್ದು

1. ನಮಗೆ ನಿಜವಾಗಿ ಭಾರದ ಟೈರು ಇದೆಯಾ? ಇಲ್ಲದಿದ್ದರೆ ಕ್ಯಾರಿಯರ್ ಬೇಡ.
2. ತೋಳಿನ ತುದಿಗೆ ಭಾರ ಹೊರುವ ಆಸರೆ ಇದೆಯಾ? ಎರಡನೇ ಪಿನ್ನು ಇದೆಯಾ?
3. ಸ್ಪಿಂಡಲ್ಲಿನ ಬೇರಿಂಗುಗಳ ಅಂತರ ಎಷ್ಟು? ಗ್ರೀಸು ಹೊಡೆಯಬಹುದಾ?
4. ತೋಳು ಮುಚ್ಚಿದ ಕೊಳವೆಯಾ, ತೆರೆದ ಚಾನೆಲ್ಲಾ?
5. ಶ್ಯಾಕಲ್ ಕಿವಿ ಚಾಸಿಯವರೆಗೆ ಹೋಗಿದೆಯಾ? ಬೋಲ್ಟಿನ ಗ್ರೇಡು ಏನು?
6. ಒಟ್ಟು ತೂಕ ಎಷ್ಟು? ಕೋನ ಎಷ್ಟು ಕಡಿಮೆಯಾಗುತ್ತೆ?
7. ಹಿಂಬಾಗಿಲು ತೆರೆಯುವ ದಿಕ್ಕಿಗೇ ತೋಳೂ ತೆರೆಯುತ್ತಾ?
8. ಕಾನೂನಿನ ಒಪ್ಪಿಗೆ ಇದೆಯಾ?

ಒಟ್ಟು ತೂಕ ಕೇಳಿದಾಗ "ಅಷ್ಟೇನಿಲ್ಲ ಸರ್" ಅಂತ ಉತ್ತರ ಬಂದರೆ ತಕ್ಕಡಿ ಕೇಳಿ.

ನಮ್ಮ ಗೆಳೆಯನ ಕಥೆ ಏನಾಯ್ತು ಅಂತೀರಾ? ಮೊದಲ ಪ್ರಶ್ನೆಯಲ್ಲೇ ಅವನು ಸಿಕ್ಕಿಬಿದ್ದ. ಅವನ ಗಾಡಿಯ ಟೈರು ಕಂಪನಿಯದ್ದೇ, ಗಾಡಿ ಹೆಚ್ಚಾಗಿ ಓಡೋದು ಮನೆಯಿಂದ ತೋಟಕ್ಕೆ. "ಹಾಗಾದರೆ ನಾನು ಹಾಕಿಸಬೇಕು ಅಂತಿದ್ದಿದ್ದು ಫೋಟೊಗಾ?" ಅಂತ ಅವನೇ ಕೇಳಿಕೊಂಡ. ನಾವು ಯಾರೂ ಉತ್ತರ ಹೇಳಲಿಲ್ಲ. ಬಂಪರಿನ ಮಾತು ಅಲ್ಲಿಗೇ ನಿಂತಿತು. ಊರಿಗೆ ಹೋದವನು ಸ್ಟೆಪ್ನಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿದನಂತೆ. ಹಿಂಬಾಗಿಲಿನ ಹಿಂಜಿನ ಎರಡು ಬೋಲ್ಟು ಸಡಿಲವಾಗಿದ್ದವು. ಗ್ಯಾರೇಜಿನಲ್ಲಿ ಟಾರ್ಕ್ ರೆಂಚ್ ಹಿಡಿದು ಸರಿಯಾಗಿ ಬಿಗಿಸಿಕೊಂಡು ಬಂದ.

ನಿಮ್ಮ ಮನೆಯಲ್ಲೋ ಹಾಸ್ಟೆಲಿನ ಪಾರ್ಕಿಂಗಿನಲ್ಲೋ ಬೆನ್ನಿಗೆ ಸ್ಟೆಪ್ನಿ ಹೊತ್ತ ಗಾಡಿ ಇದ್ದರೆ, ಒಡೆಯರನ್ನು ಕೇಳಿ ನೀವೂ ಒಂದು ಸಲ ಹಾಗೆ ಅಲ್ಲಾಡಿಸಿ ನೋಡಿ. ಲಟ ಅಂದರೆ, ಎಲ್ಲಿಂದ ಅಂದಿತು ಅಂತ ಹುಡುಕಿ. ಬಾಜಾ ಸ್ಪರ್ಧೆಗೆ ಗಾಡಿ ಕಟ್ಟುತ್ತಿರುವ ತಂಡದವರಂತೂ ತಮ್ಮ ಒಂದೊಂದು ಬ್ರಾಕೆಟ್ಟಿನ ಮುಂದೆಯೂ ನಿಂತು ಅದೇ ಪ್ರಶ್ನೆ ಕೇಳಿಕೊಳ್ಳಲಿ: ಈ ಭಾರ ಕೊನೆಗೆ ಎಲ್ಲಿಗೆ ಹೋಗುತ್ತೆ?